ರಗ್ಬಿ ನಿಯಮಗಳ ಕನ್ನಡ ಕೈಪಿಡಿ: ಟ್ಯಾಕಲ್ ಪುಟ ತಿದ್ದಬೇಕು

ಬೇಲೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿಯಾಗಿರುವ ನಾನು ಈ ಕೈಪಿಡಿಯನ್ನು ಹಾಸನದ ಕ್ರೀಡಾ ಸಾಮಗ್ರಿ ಅಂಗಡಿಯಲ್ಲಿ ಕೊಂಡೆ. ಇಂಗ್ಲಿಷ್ ಓದಲು ತಡವರಿಸುವ ನನ್ನ ಹುಡುಗಿಯರಿಗೆ ಆಟ ಇದರಿಂದ ನಿಜಕ್ಕೂ ದಕ್ಕಿದೆ. ಚೆಂಡು ಹಿಡಿದು ಮುಂದೆ ಓಡಬಹುದು, ಒದೆಯಬಹುದು, ಕೈಯಿಂದ ಮಾತ್ರ ಮುಂದಕ್ಕೆ ಎಸೆಯುವಂತಿಲ್ಲ: ಮೊದಲ ಪುಟದಲ್ಲಿ ಇಷ್ಟೇ. ಟ್ರೈಗೆ (ಎದುರಾಳಿಯ ಗೋಲು ಪ್ರದೇಶದಲ್ಲಿ ಚೆಂಡನ್ನು ನೆಲಕ್ಕೆ ಒತ್ತುವುದು) 5 ಅಂಕ, ಕನ್ವರ್ಷನ್‌ಗೆ (ಟ್ರೈ ಆದ ಮೇಲೆ ಸಿಗುವ ಗೋಲಿನ ಒದೆತ) 2, ಪೆನಾಲ್ಟಿ ಗೋಲಿಗೆ (ಎದುರಾಳಿಯ ತಪ್ಪಿಗೆ ಸಿಗುವ ಗೋಲಿನ ಒದೆತ) 3 ಎಂಬ ಪಟ್ಟಿ ಹಿಂಬದಿಯ ರಕ್ಷಾಪುಟದಲ್ಲಿದೆ. ರಕ್ ಮತ್ತು ಮಾಲ್ ಬಿಡಿಸಿ ಹೇಳಿದ ರೀತಿಯಂತೂ ಬಹಳ ಚೆಂದ. ಎರಡೂ ತಂಡದವರು ನಿಂತು ಒತ್ತಾಡುವಾಗ ಚೆಂಡು ನೆಲದಲ್ಲಿದ್ದರೆ ರಕ್. ಆಟಗಾರ್ತಿಯ ಕೈಯಲ್ಲೇ ಇದ್ದರೆ ಮಾಲ್. ನಮ್ಮ ಎಂಟನೇ ತರಗತಿಯವರು ಒಮ್ಮೆ ಓದಿ ಮೈದಾನದಲ್ಲಿ ಮಾಡಿ ತೋರಿಸಿದರು.

ಟ್ಯಾಕಲ್ (ಚೆಂಡು ಹಿಡಿದವಳನ್ನು ಹಿಡಿದು ಬೀಳಿಸುವುದು) ಪುಟ ಮಾತ್ರ ಸಿಟ್ಟು ತರಿಸಿತು. ಭುಜದ ಗೆರೆಗಿಂತ ಮೇಲೆ ಹಿಡಿಯಬಾರದೆಂಬುದನ್ನು ಅಡಿಟಿಪ್ಪಣಿಯ ಸಣ್ಣ ಅಕ್ಷರಕ್ಕೆ ತಳ್ಳಿದ್ದಾರೆ. ಮಕ್ಕಳ ತಲೆ, ಕುತ್ತಿಗೆ ಕಾಯುವ ನಿಯಮವದು! ದಪ್ಪ ಅಕ್ಷರದಲ್ಲಿ, ಚಿತ್ರದೊಂದಿಗೆ ಬರಬೇಕು. ಬಿದ್ದವಳು ಚೆಂಡನ್ನೂ, ಅವಳನ್ನು ಬೀಳಿಸಿದವಳು ಅವಳನ್ನೂ ತಕ್ಷಣ ಬಿಡಬೇಕೆಂಬ ಮಾತೇ ಇಲ್ಲ.

15 ಮಂದಿಯ ಆಟಕ್ಕಷ್ಟೇ ಪುಸ್ತಕ ನಿಂತಿದೆ. ನಮ್ಮಂಥ ಸಣ್ಣ ಶಾಲೆಗೆ ಒಗ್ಗುವುದು ಸೆವೆನ್ಸ್: ತಂಡಕ್ಕೆ 7 ಮಂದಿ, ಸ್ಕ್ರಮ್‌ಗೆ (ಆಟ ಮತ್ತೆ ಶುರು ಮಾಡಲು ಎರಡೂ ತಂಡದವರು ಹೆಗಲು ಕೊಟ್ಟು ಒತ್ತಾಡುವುದು) ತಂಡದಿಂದ 3 ಮಂದಿ, 7 ನಿಮಿಷಗಳ ಎರಡು ಅವಧಿ. ಮುಂದಿನ ಮುದ್ರಣದಲ್ಲಿ ಇವು ಸೇರಿದರೆ ತಾಲ್ಲೂಕಿನ ಉಳಿದ ಶಿಕ್ಷಕರಿಗೂ ನಾನೇ ಕೊಡಿಸುತ್ತೇನೆ.