ಕೈಗೆ ಹಣವೋ, ಮನೆಗೆ ಹಾಲೋ?

2023ರ ವಿಧಾನಸಭಾ ಚುನಾವಣೆಯ ಎರಡು ಪ್ರಣಾಳಿಕೆಗಳನ್ನು ಇಂದಿಗೂ ಪಕ್ಕಪಕ್ಕದಲ್ಲಿಟ್ಟು ಓದಬೇಕು. ಮುಂದಿನ ಸಲ ಮತ ಹಾಕುವವರಿಗೆ ಅದು ಒಳ್ಳೆಯ ಅಭ್ಯಾಸ.

ಕಾಂಗ್ರೆಸ್ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ, 200 ಯೂನಿಟ್‌ವರೆಗೆ ಉಚಿತ ವಿದ್ಯುತ್, ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಮಾತು ಕೊಟ್ಟಿತು. ಬಿಜೆಪಿ ಬಿಪಿಎಲ್ ಕುಟುಂಬಕ್ಕೆ ದಿನವೂ ಅರ್ಧ ಲೀಟರ್ ನಂದಿನಿ ಹಾಲು, ಯುಗಾದಿ, ಗಣೇಶ ಚತುರ್ಥಿ, ದೀಪಾವಳಿಗೆ ಒಂದೊಂದು ಗ್ಯಾಸ್ ಸಿಲಿಂಡರ್ ಎಂದಿತು.

ಲೆಕ್ಕ ಹಾಕೋಣ. ತಿಂಗಳಿಗೆ 15 ಲೀಟರ್ ಹಾಲು. ಆಗಿನ ಲೀಟರಿಗೆ 39 ರೂಪಾಯಿ ದರದಲ್ಲಿ 585 ರೂಪಾಯಿ. ಮೊತ್ತದಲ್ಲಿ 2,000 ದೊಡ್ಡದು. ಯಾವುದಕ್ಕೆ ಖರ್ಚು ಮಾಡಬೇಕೆಂದು ಹೆಂಗಸೇ ನಿರ್ಧರಿಸುತ್ತಾಳೆ, ನನಗೆ ಅದೇ ಮುಖ್ಯ. ಆದರೆ ಬೆಲೆ ಏರಿದಂತೆ ಹಣ ಸವೆಯುತ್ತದೆ, ಮಗುವಿನ ಲೋಟದ ಹಾಲು ಸವೆಯುವುದಿಲ್ಲ.

ಷರತ್ತುಗಳನ್ನೂ ಓದಿ. ಜಾರಿಯಾದಾಗ ಗೃಹಜ್ಯೋತಿ ಎಲ್ಲರಿಗೂ 200 ಯೂನಿಟ್ ಕೊಡಲಿಲ್ಲ. ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ 10 ಸೇರಿಸಿತು. ತಿಂಗಳಿಗೆ 60 ಯೂನಿಟ್ ಬಳಸುತ್ತಿದ್ದ ಮನೆಗೆ 66 ಮಾತ್ರ. ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಸೀಮಿತ. ಖಾಸಗಿ ಬಸ್ಸುಗಳೇ ಹೆಚ್ಚಿರುವ ಉಡುಪಿ, ಮಂಗಳೂರಿನ ಹೆಂಗಸರಿಗೆ ಅದರ ಲಾಭ ಕಡಿಮೆ.

ಸ್ಥಳೀಯ ಸೇವೆಯ ವಿಷಯದಲ್ಲಿ ಬಿಜೆಪಿಯ ಪಟ್ಟಿ ಹೆಚ್ಚು ಸ್ಪಷ್ಟವಾಗಿತ್ತು: ಮಹಾನಗರ ಪಾಲಿಕೆಗಳ ಪ್ರತಿ ವಾರ್ಡಿಗೂ ಅಟಲ್ ಆಹಾರ ಕೇಂದ್ರ, ತಪಾಸಣಾ ಸೌಲಭ್ಯವಿರುವ ನಮ್ಮ ಕ್ಲಿನಿಕ್. ಇಂಥ ಭರವಸೆ ಕೇಳಿದಾಗ ಕಟ್ಟಡದ ಬಗ್ಗೆಯಲ್ಲ, ವೈದ್ಯರ ನೇಮಕಾತಿಯ ಬಗ್ಗೆ ಅಭ್ಯರ್ಥಿಯನ್ನು ಪ್ರಶ್ನಿಸಿ.