ನಾಲ್ಕು ರಂಗಪ್ಪ, ಮೂರು ಸಾಫ್ಟ್‌ವೇರ್, ಒಬ್ಬ ಹೆಳವ

ನಮ್ಮ ಮನೆತನದಲ್ಲಿ ನಾಲ್ಕು ಜನ ರಂಗಪ್ಪ. ಶಿರಾ ಕಡೆಯ ಹಳ್ಳಿ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ. ಹಾಗಾಗಿ ತಲೆಮಾರು ಬಿಟ್ಟು ತಲೆಮಾರಿಗೆ ಒಬ್ಬ ರಂಗಪ್ಪ ಹುಟ್ಟುತ್ತಲೇ ಇದ್ದ. ಊರಲ್ಲಿ ಇದರಿಂದ ಯಾರಿಗೂ ಗೊಂದಲ ಆಗಿಲ್ಲ. ದೊಡ್ಡ ರಂಗಪ್ಪ, ಸಣ್ಣ ರಂಗಪ್ಪ, ಕರಿ ರಂಗಪ್ಪ, ಮೇಷ್ಟ್ರು ರಂಗಪ್ಪ ಅಂದರೆ ಮುಗೀತು. ಗೊಂದಲ ಶುರುವಾಗಿದ್ದು ನಾನು ವಂಶವೃಕ್ಷವನ್ನು ಕಂಪ್ಯೂಟರಿಗೆ ಏರಿಸಲು ಹೊರಟಾಗ.

ಸಾಲದ್ದಕ್ಕೆ ಕರಿ ರಂಗಪ್ಪ ತನ್ನ ಅಕ್ಕನ ಮಗಳನ್ನೇ ತಂದುಕೊಂಡಿದ್ದ. ಅಕ್ಕನೇ ಅತ್ತೆಯೂ ಆದಳು. ನಮ್ಮ ಕಡೆ ಇದು ಮಾಮೂಲು, ಅಲ್ವಾ? ಕೊಂಬೆ ಮೇಲೆ ಕೊಂಬೆ ಬಿಡಿಸುತ್ತಾ ಹೋಗುವ ಸಾಫ್ಟ್‌ವೇರ್‌ಗೆ ಮಾಮೂಲಲ್ಲ. ಅದಕ್ಕೇ ಈ ಎರಡನ್ನೇ ಪರೀಕ್ಷೆ ಮಾಡಿಕೊಂಡೆ: ನಾಲ್ಕು ರಂಗಪ್ಪರನ್ನು ಬೇರೆ ಬೇರೆಯಾಗಿ ಗುರುತು ಹಿಡಿಯಬೇಕು, ಅಕ್ಕನ ಮಗಳನ್ನು ಹೆಂಡತಿಯಾಗಿ ಒಪ್ಪಬೇಕು.

ಮೊದಲು ಫ್ಯಾಮಿಲಿಸರ್ಚ್. ಅಮೆರಿಕದ ಮಾರ್ಮನ್ ಚರ್ಚ್ ನಡೆಸುತ್ತದೆ, ಪೂರ್ತಿ ಉಚಿತ. ಇಡೀ ಜಗತ್ತಿಗೆ ಒಂದೇ ಮರ ಅನ್ನುವುದು ಅದರ ಲೆಕ್ಕ. ಬದುಕಿರುವವರ ವಿವರ ಬೇರೆಯವರಿಗೆ ಕಾಣುವುದಿಲ್ಲ. ತೀರಿಕೊಂಡವರ ವಿವರವನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ದೂರದ ನೆಂಟರೆಲ್ಲ ಸೇರಿ ಕಟ್ಟುವುದಾದರೆ ಇದು ಚೆನ್ನ. ನನಗೋ ದೊಡ್ಡ ರಂಗಪ್ಪನನ್ನು ಜಗತ್ತಿನ ಕೈಗೆ ಕೊಡುವ ಧೈರ್ಯ ಬರಲಿಲ್ಲ. ಇನ್ನು ದಾಖಲೆಗಳ ಮಾತು. ಚರ್ಚಿನ ಬ್ಯಾಪ್ಟಿಸಂ ಪುಸ್ತಕಗಳಿವೆ, ಹರಿದ್ವಾರದ ಪಂಡಾಗಳು, ಅಂದರೆ ಅಲ್ಲಿನ ತೀರ್ಥಪುರೋಹಿತರು, ಯಾತ್ರಿಕರ ವಂಶಾವಳಿ ಬರೆದಿಟ್ಟ ಬಹಿ ಪುಸ್ತಕಗಳ ಚಿತ್ರಗಳಿವೆ. ನಿಮ್ಮ ಮನೆಯ ಹಿರಿಯರು ಅಲ್ಲಿಗೆ ಹೋಗಿದ್ದರೆ ಹುಡುಕಿ ನೋಡಿ. ನಮ್ಮವರು ಶಿರಾ ಸಂತೆ ದಾಟಿ ಹೋದವರಲ್ಲ.

ಮೈಹೆರಿಟೇಜ್ 2003ರಲ್ಲಿ ಶುರುವಾದ ಇಸ್ರೇಲಿನ ಕಂಪನಿ. ಜೆನಿ ಅನ್ನುವ ಇನ್ನೊಂದು ವಂಶವೃಕ್ಷದ ಸೈಟ್ ಕೂಡ 2012ರಿಂದ ಅವರದ್ದೇ. ಇಲ್ಲಿ ಮರ ನಿಮ್ಮದೇ, ಆದರೆ ಪುಕ್ಕಟೆ ಸಿಗುವುದು 250 ಜನರವರೆಗೆ ಮಾತ್ರ. ಕೇಳಲು ಜಾಸ್ತಿ ಅನ್ನಿಸುತ್ತದೆ. ಅಜ್ಜಿಯ ಒಡಹುಟ್ಟಿದವರು ಒಂಬತ್ತು ಜನ, ಅವರ ಮಕ್ಕಳು, ಮೊಮ್ಮಕ್ಕಳು ಅಂತ ಬರೆಯುತ್ತಾ ಕೂತರೆ ಒಂದು ಭಾನುವಾರದಲ್ಲಿ ಖಾಲಿ. ಇದರ ಅಸಲಿ ಆಕರ್ಷಣೆ ಫೋಟೋ. ಮಾಸಿದ ಕಪ್ಪು ಬಿಳುಪು ಚಿತ್ರಕ್ಕೆ ಬಣ್ಣ ಹಾಕುತ್ತದೆ, ಮುಖವನ್ನು ಅಲುಗಾಡಿಸುತ್ತದೆ. ಅಜ್ಜ ಕಣ್ಣು ಮಿಟುಕಿಸಿ ನಕ್ಕಿದ್ದನ್ನು ಅಜ್ಜಿಗೆ ತೋರಿಸಿದೆ. "ನಿಮ್ಮಜ್ಜ ಇಷ್ಟೊಂದು ನಗ್ತಿರ್ಲಿಲ್ಲ ಬಿಡು" ಅಂದರು.

ಇನ್ನೊಂದು ಸೈಟಿನ ಹೆಸರು ಬೇಡ. ಉಚಿತ ಟ್ರಯಲ್ ಅಂತ ಕಾರ್ಡ್ ನಂಬರ್ ಕೊಟ್ಟೆ, ರದ್ದು ಮಾಡಲು ಮರೆತೆ, ವರ್ಷದ ದುಡ್ಡು ಹೋಯಿತು. ಟ್ರಯಲ್ ತೆಗೆದುಕೊಂಡ ದಿನವೇ ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಳ್ಳಿ.

ಕೊನೆಗೆ ನಾನು ಉಳಿಸಿಕೊಂಡಿದ್ದು ಗ್ರಾಂಪ್ಸ್. ಉಚಿತ, ಓಪನ್ ಸೋರ್ಸ್, ನಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ನೋಡಲು ಸರ್ಕಾರಿ ಫಾರಂ ಥರ, ಚಂದವೇನಿಲ್ಲ. ಮೊದಲ ವಾರ ತಲೆ ಕೆಡುತ್ತದೆ. ಆದರೆ ಪ್ರತಿಯೊಬ್ಬರಿಗೂ ಒಂದು ನಂಬರು ಕೊಡುತ್ತದೆ, ಹಾಗಾಗಿ ನಾಲ್ಕು ರಂಗಪ್ಪರೂ ನಾಲ್ಕು ಜನವಾಗಿಯೇ ಉಳಿದರು. ಅಡ್ಡಹೆಸರಿಗೆ ಬೇರೆ ಜಾಗವಿದೆ. ಸರ್‌ನೇಮ್ ಖಾಲಿ ಬಿಟ್ಟರೂ ನಡೆಯುತ್ತದೆ, ಬರೆದರೆ ಅದು ಅಪ್ಪನ ಹೆಸರೋ ಊರಿನ ಹೆಸರೋ ಕಸುಬೋ ಅಂತಲೂ ಗುರುತು ಹಾಕಬಹುದು. ಇನಿಷಿಯಲ್‌ನಲ್ಲೇ ಬದುಕುವ ನಮಗೆ ಇದು ದೊಡ್ಡ ಉಪಕಾರ. ಕರಿ ರಂಗಪ್ಪನ ಮದುವೆ ಹಾಕಿದಾಗ ತಕರಾರಿಲ್ಲದೆ ಒಪ್ಪಿತು. ಸಂಬಂಧದ ನಕ್ಷೆಯಲ್ಲಿ ಹುಡುಗಿ ಒಂದೇ ಕಡೆ ಇದ್ದಾಳೆ, ಗೆರೆ ಮಾತ್ರ ಸುತ್ತಿಕೊಂಡು ಬರುತ್ತದೆ.

ತಾರೀಖಿನ ವಿಷಯದಲ್ಲೂ ಅದಕ್ಕೇ ನನ್ನ ಓಟು. ಅಂದಾಜು, ಇದಕ್ಕಿಂತ ಮೊದಲು, ಇದರ ನಡುವೆ ಅಂತ ಬರೆಯಬಹುದು. ನಮ್ಮ ಹಿರಿಯರನ್ನು ಹುಟ್ಟಿದ ಇಸವಿ ಕೇಳಬಾರದು, ಸಿಗುವುದಿಲ್ಲ. ಆಗ ಏನು ನಡೆದಿತ್ತು ಅಂತ ಕೇಳಬೇಕು. "ಮಾರಿಕಣಿವೆ ಕೋಡಿ ಬಿತ್ತಲ್ಲ, ಆಗ ನಮ್ಮಕ್ಕ ತೊಟ್ಟಿಲಲ್ಲಿದ್ಲು" ಅಂದರು ಅಜ್ಜಿ. ಮಾರಿಕಣಿವೆ ಅಂದರೆ ಹಿರಿಯೂರು ಹತ್ತಿರದ ವಾಣಿವಿಲಾಸ ಸಾಗರ. ಅದು ಕೋಡಿ ಬಿದ್ದದ್ದು 1933ರಲ್ಲಿ, ಆಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಹಾಗಾದರೆ ದೊಡ್ಡಜ್ಜಿ ಹುಟ್ಟಿದ್ದು 1933ರ ಆಸುಪಾಸು. ಅಜ್ಜಿಗೆ ಇಂಥವು ಇನ್ನೂ ನಾಲ್ಕೈದು ಗೊತ್ತಿದ್ದವು.

ಯಾವ ಸೈಟ್ ಆದರೂ ಸರಿ, ಸೇರುವ ಮೊದಲು ಗೆಡ್‌ಕಾಮ್ ಫೈಲ್ ಹೊರಗೆ ತೆಗೆಯಬಹುದಾ ಅಂತ ನೋಡಿ. ಬೇರೆ ಸಾಫ್ಟ್‌ವೇರ್‌ಗೆ ಮರವನ್ನು ಬೇರುಸಮೇತ ಕಿತ್ತು ಒಯ್ಯಲು ಇರುವ ದಾರಿ ಅದು.

ಆದರೆ ಮರ ಬರೆಯುವುದು ಬೇರೆ, ಹೆಸರು ಹುಡುಕುವುದು ಬೇರೆ. ಹೆಸರು ಸಿಕ್ಕಿದ್ದು ಮೂರು ಕಡೆ, ಮೂರಕ್ಕೂ ತಮ್ಮ ತಮ್ಮ ಕುರುಡು.

ಪಹಣಿಯನ್ನು ಭೂಮಿ ವೆಬ್‌ಸೈಟಿನಲ್ಲಿ ಸರ್ವೆ ನಂಬರ್ ಹಾಕಿ ನೋಡಬಹುದು. 9ನೇ ಕಾಲಂನಲ್ಲಿ "ರಂಗಪ್ಪ ಬಿನ್ ಈರಣ್ಣ" ಅಂತ ಅಪ್ಪನ ಹೆಸರೂ ಇರುತ್ತದೆ. ಹೆಂಗಸರ ಹೆಸರಿದ್ದರೆ "ಕೋಂ" ಅಂತ ಗಂಡನ ಹೆಸರು. 10ನೇ ಕಾಲಂನಲ್ಲಿ ಜಮೀನು ಹೇಗೆ ಬಂತು ಅಂತ ಇರುತ್ತದೆ, ಅಲ್ಲಿರುವ ಮ್ಯುಟೇಶನ್ (ಹಕ್ಕು ಬದಲಾವಣೆ) ನಂಬರು ಬರೆದಿಟ್ಟುಕೊಳ್ಳಿ. ಪೌತಿ ಖಾತೆಯಾಗಿದ್ದರೆ ಸತ್ತವರು ಯಾರು, ವಾರಸುದಾರರು ಯಾರು ಅಂತ ಅದರಲ್ಲಿ ಸಿಗುತ್ತದೆ. ಭೂಮಿ ಯೋಜನೆ ಬಂದದ್ದು 2000ದ ಹೊತ್ತಿಗೆ. ಅದಕ್ಕಿಂತ ಹಳೆಯ ಕೈಬರಹದ ಪಹಣಿಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಬೇಕು. ಒಂದೇ ಕೊರತೆ, ಜಮೀನಿಲ್ಲದವರು ಪಹಣಿಗೆ ಕಾಣುವುದೇ ಇಲ್ಲ.

2002ರ ಮತದಾರರ ಪಟ್ಟಿ ಅದಕ್ಕೆ ಉಲ್ಟಾ. ಜಮೀನು ಇರಲಿ ಬಿಡಲಿ, ಹೆಂಗಸರಾಗಲಿ ಗಂಡಸರಾಗಲಿ, ಮನೆ ನಂಬರಿನ ಪ್ರಕಾರ ಒಟ್ಟಿಗೆ ಸಿಗುತ್ತಾರೆ. ನಾವೆಲ್ಲ "ದೊಡ್ಡವ್ವ" ಅಂತಲೇ ಕರೆಯುತ್ತಿದ್ದವರ ನಿಜವಾದ ಹೆಸರು ಲಕ್ಷ್ಮಮ್ಮ ಅಂತ ನನಗೆ ಗೊತ್ತಾದದ್ದು ಅಲ್ಲೇ. ವಯಸ್ಸನ್ನು ಮಾತ್ರ ನಂಬಬೇಡಿ. ಅದರ ಪ್ರಕಾರ ಅವರು ತಮ್ಮ ಮಗನಿಗಿಂತ ಹತ್ತೇ ವರ್ಷ ದೊಡ್ಡವರು.

ಎರಡೂ ಸೇರಿ ಮುಟ್ಟಿದ್ದು ನಾಲ್ಕು ತಲೆಮಾರು. ಮೂರನೆಯದು ಹೆಳವರು, ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡು ಮನೆಮನೆಗೆ ಬಂದು ಓದಿ ಹೇಳುವವರು. ಸುಗ್ಗಿ ಮುಗಿದ ಮೇಲೆ ನಮ್ಮ ಮನೆಗೆ ಬಂದವರು ಜಗಲಿಯ ಮೇಲೆ ಕೂತು, ಹಳೇ ಪುಸ್ತಕ ಬಿಚ್ಚಿ, ಉಸಿರು ಬಿಡದೆ ಏಳು ತಲೆಮಾರು ಓದಿದರು. ಯಾವ ಊರಿಂದ ಬಂದೆವು, ಯಾಕೆ ಬಿಟ್ಟೆವು, ಯಾರಿಗೆ ಮಕ್ಕಳಾಗಲಿಲ್ಲ, ಎಲ್ಲ ಇತ್ತು. ಎರಡು ಪಲ್ಲ ರಾಗಿ, ಒಂದು ಪಂಚೆ, ಸ್ವಲ್ಪ ದುಡ್ಡು ಕೊಟ್ಟೆವು. ಮೊದಲು ಅವರ ಒಪ್ಪಿಗೆ ಕೇಳಿ, ನಾನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಯಾವ ಚಂದಾಕ್ಕೂ ಇಷ್ಟು ಸಿಗುವುದಿಲ್ಲ. ಆದರೆ ನಮ್ಮ ಮನೆಯ ಹಾಳೆಯಲ್ಲಿ ಹೆಣ್ಣುಮಕ್ಕಳ ಹೆಸರೇ ಇಲ್ಲ. ದೊಡ್ಡ ರಂಗಪ್ಪನ ಹೆಂಡತಿಯ ಎದುರು "ಮಧುಗಿರಿ ಕಡೆ ಹೆಣ್ಣು" ಅಂತ ಇದೆ, ಅಷ್ಟೇ.

ಗ್ರಾಂಪ್ಸ್‌ನಲ್ಲಿ ಆಕೆಗೂ ಒಂದು ನಂಬರಿದೆ, ಹೆಸರು ಖಾಲಿ. ಮಧುಗಿರಿ ಕಡೆಯ ಮನೆಗಳ ಪುಸ್ತಕ ಬೇರೆ ಹೆಳವರ ಹತ್ತಿರ ಇದೆಯಂತೆ. ಮುಂದಿನ ಸುಗ್ಗಿಗೆ ಅವರನ್ನೂ ಕರೆದುಕೊಂಡು ಬನ್ನಿ ಅಂದಿದ್ದೇನೆ. ಇನ್ನೊಂದು ಪಂಚೆ ತೆಗೆದಿಟ್ಟಾಗಿದೆ.