ಬಿಪಿ ಹತೋಟಿ ಅಳೆಯಲು: ಒಪಿಡಿ ಪುಸ್ತಕವೋ, ಕಾರ್ಡೋ?

ಕಾರವಾರ, ಅಂಕೋಲಾ ಕಡೆಯ ಆರೋಗ್ಯ ಕೇಂದ್ರದಲ್ಲಿ ಒಪಿಡಿ (ಹೊರರೋಗಿ ವಿಭಾಗದ) ಪುಸ್ತಕ ಹೇಗೂ ಇರುತ್ತದೆ. ದಿನಕ್ಕೆಷ್ಟು ಜನ ಬಂದರೆಂಬ ಲೆಕ್ಕಕ್ಕೆ ಅದು ಸಾಕು. ಆದರೆ ಒಬ್ಬರೇ ಮೂರು ಸಲ ಬಂದರೆ ಮೂರು ಸಾಲು, ಬಾರದವರಿಗೆ ಸಾಲೇ ಇಲ್ಲ.

ರೋಗಿಯ ಬಿಪಿ ಅಳತೆ ಬರೆದಿಡುವ ಕಾರ್ಡು ಹಾಗಲ್ಲ, ಒಬ್ಬರಿಗೆ ಒಂದೇ. ಮುಂದಿನ ಭೇಟಿಯ ತಿಂಗಳ ಖಾನೆಯಲ್ಲಿಡಿ. ತಿಂಗಳು ಮುಗಿದಾಗ ಅಲ್ಲೇ ಉಳಿದವು ತಪ್ಪಿಸಿಕೊಂಡವರ ಪಟ್ಟಿ. ಜೂನ್–ಜುಲೈ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟಿನಲ್ಲಿ ಬೋಟು ಕಡಲಿಗಿಳಿದ ಮೇಲಂತೂ, ಮೀನುಗಾರರು ಭೇಟಿ ತಪ್ಪಿಸಬಹುದಾದ್ದರಿಂದ, ಆ ಖಾನೆ ನೋಡಲೇಬೇಕು. ಹತೋಟಿಯ ಲೆಕ್ಕ ಹೀಗೆ: 6 ತಿಂಗಳಿಗೂ ಮೊದಲು ನೋಂದಾಯಿಸಿದವರೆಲ್ಲ ಛೇದ, ಅವರಲ್ಲಿ ಕಳೆದ 3 ತಿಂಗಳೊಳಗಿನ ಕೊನೆಯ ಅಳತೆ 140/90ಕ್ಕಿಂತ ಕಡಿಮೆಯಿದ್ದವರು ಅಂಶ. ಬಾರದವರನ್ನು ಛೇದದಿಂದ ಕೈಬಿಟ್ಟರೆ ಅಂಕಿ ಸುಮ್ಮನೆ ಚೆಂದ ಕಾಣುತ್ತದೆ.

ಎರಡಕ್ಕೂ ಒಂದೇ ಪಿಡುಗು: 138 ಕಂಡರೂ 140 ಎಂದು ಸೊನ್ನೆಗೆ ತಂದು ಬರೆಯುವುದು. ಹತೋಟಿಯಲ್ಲಿದ್ದವರು ಅಲ್ಲೇ ಹೊರಬೀಳುತ್ತಾರೆ.